ಧರ್ಮದ ಕಾರಣಕ್ಕೆ ದೇಶ ಬಿಟ್ಟವರು ಆಶ್ರಯ ಕೇಳುವುದು ಹೇಗೆ

ಆಶ್ರಯ ಕೇಳಿ ಬಂದವರಿಗೆ ಅಧಿಕಾರಿ ಹಾಕುವ ಮುಖ್ಯ ಪ್ರಶ್ನೆ ಒಂದೇ: ಯಾಕೆ ಬಂದಿರಿ? ಜಾಸ್ತಿ ಜನ ಕೊಡುವ ಉತ್ತರವೂ ಒಂದೇ ಥರ ಇರುತ್ತದೆ. "ನಮ್ಮ ದೇಶದಲ್ಲಿ ನಮ್ಮ ಧರ್ಮದವರನ್ನು ಬದುಕಲು ಬಿಡುವುದಿಲ್ಲ." ಮಾತು ನೂರಕ್ಕೆ ನೂರು ನಿಜವೇ ಇರಬಹುದು. ಆದರೂ ಅರ್ಜಿ ಸೊರಗಲು ಶುರುವಾಗುವುದು ಅಲ್ಲಿಂದಲೇ. ಸಮುದಾಯದ ಕಷ್ಟ ಅಧಿಕಾರಿಗೆ ವರದಿಗಳಿಂದ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ನಿಮ್ಮ ವಿಷಯ. ನಾಳೆ ನೀವು ವಾಪಸ್ ಹೋಗಿ, ಈಗ ನಂಬುವುದನ್ನೇ ನಂಬಿಕೊಂಡು, ಈಗ ಇರುವ ಹಾಗೆಯೇ ಬದುಕಿದರೆ ಏನಾಗುತ್ತದೆ, ಯಾಕಾಗುತ್ತದೆ? ಇಡೀ ಅರ್ಜಿ ನಿಲ್ಲುವುದು ಈ ಎರಡು ಪ್ರಶ್ನೆಗಳ ಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೊಂದು ದೇಶದ ಕಾನೂನು ಒಂದೊಂದು ಥರ. ಇದನ್ನು ಓದಿ ವಕೀಲರ ಬಳಿ ಹೋಗಿ, ವಕೀಲರ ಬದಲಿಗೆ ಇದನ್ನು ಓದಬೇಡಿ.

ನಿಮ್ಮ ವಿಷಯ ಕಾನೂನಿನೊಳಗೆ ಬರುತ್ತದೆಯೇ?

ಬುನಾದಿ 1951ರಲ್ಲಿ ಜಿನೀವಾದಲ್ಲಿ ಆದ ನಿರಾಶ್ರಿತರ ಒಪ್ಪಂದ. ಮೊದಲು ಅದು 1951ರ ಜನವರಿ 1ಕ್ಕಿಂತ ಹಿಂದಿನ ಘಟನೆಗಳಿಂದ ನೆಲೆ ಕಳೆದುಕೊಂಡವರಿಗೆ ಮಾತ್ರ ಇತ್ತು. 1967ರ ಪ್ರೋಟೊಕಾಲ್, ಅಂದರೆ ಅದಕ್ಕೆ ಸೇರಿಸಿದ ಪೂರಕ ಒಪ್ಪಂದ, ಆ ಮಿತಿಯನ್ನು ತೆಗೆಯಿತು. ಆಶ್ರಯಕ್ಕೆ ಐದು ಕಾರಣಗಳನ್ನು 1951ರ ಒಪ್ಪಂದ ಒಪ್ಪುತ್ತದೆ: ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ನಿರ್ದಿಷ್ಟ ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ.

ಅರ್ಜಿ ಹಾಕುವ ಮೊದಲು ನಾಲ್ಕು ವಿಷಯ ನೋಡಿಕೊಳ್ಳಿ. ನೀವು ನಿಮ್ಮ ದೇಶದ ಹೊರಗೆ ಇರಬೇಕು. ನಿಮ್ಮ ಭಯಕ್ಕೆ ಆಧಾರ ಇರಬೇಕು. ಆ ಭಯ ಗಂಭೀರ ಹಾನಿಯದ್ದಾಗಿರಬೇಕು, ಮತ್ತು ಹಾನಿಗೂ ನಿಮ್ಮ ಧರ್ಮಕ್ಕೂ ನಂಟಿರಬೇಕು. ಕೊನೆಯದು, ನಿಮ್ಮ ಸರ್ಕಾರ ನಿಮ್ಮನ್ನು ಕಾಪಾಡುವುದಿಲ್ಲ ಅಥವಾ ಕಾಪಾಡಲು ಅದರ ಕೈಲಿ ಆಗುವುದಿಲ್ಲ ಅನ್ನುವುದು.

"ಆಧಾರ ಇರುವ ಭಯ" ಅಂದರೆ ಖಂಡಿತ ಹೀಗೇ ಆಗುತ್ತದೆ ಅಂತ ಸಾಬೀತು ಮಾಡಬೇಕು ಅಂತಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿದ ಪ್ರಕಾರ ಅಪಾಯದ ಸಾಧ್ಯತೆ ನೂರಕ್ಕೆ ಹತ್ತರಷ್ಟಿದ್ದರೂ ಭಯಕ್ಕೆ ಆಧಾರ ಇದೆ ಅನ್ನಬಹುದು. ನಿಮಗೆ ಈಗಾಗಲೇ ಏಟು ಬಿದ್ದಿರಲೇಬೇಕು ಅಂತಲೂ ಇಲ್ಲ. ಪಕ್ಕದ ಮನೆಯವನನ್ನು ಎಳೆದುಕೊಂಡು ಹೋದ ರಾತ್ರಿಯೇ ನೀವು ಓಡಿ ಬಂದಿದ್ದರೆ, ನನ್ನ ಮೈಮೇಲೆ ಗಾಯವೇ ಇಲ್ಲವಲ್ಲ ಅಂತ ಹಿಂಜರಿಯಬೇಡಿ.

ಇನ್ನು ಧರ್ಮ ಅಂದರೆ ಏನು? ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಇದಕ್ಕಾಗಿಯೇ 2004ರ ಏಪ್ರಿಲ್‌ನಲ್ಲಿ ಒಂದು ಮಾರ್ಗಸೂಚಿ ತಂದಿತು. ಅದರಲ್ಲಿ ಧರ್ಮವನ್ನು ಮೂರು ಥರ ನೋಡುತ್ತಾರೆ: ನಂಬಿಕೆಯಾಗಿ, ಗುರುತಾಗಿ, ಬದುಕುವ ರೀತಿಯಾಗಿ. ಮೂರರಲ್ಲಿ ಒಂದಿದ್ದರೂ ಸಾಕು. ದೇವರನ್ನೇ ನಂಬದವರೂ ಇದರೊಳಗೆ ಬರುತ್ತಾರೆ. ಧರ್ಮ ಬಿಟ್ಟವರು, ಬದಲಿಸಿದವರು, ಹೇರಿದ ಆಚರಣೆ ಅಥವಾ ಉಡುಪು ಬೇಡ ಅಂದವರು, ನಂಬಿಕೆಯ ಕಾರಣಕ್ಕೆ ಬಂದೂಕು ಹಿಡಿಯಲ್ಲ ಅಂದವರೂ ಬರಬಹುದು. ಇದಕ್ಕಿಂತ ಅಚ್ಚರಿಯ ವಿಷಯ ಇನ್ನೊಂದಿದೆ. ನೀವು ಆ ಧರ್ಮದವರೇ ಆಗಿರಬೇಕಿಲ್ಲ! ನೀವು ಮತಾಂತರ ಆಗಿದ್ದೀರಿ ಅಂತ ಊರವರು ಸುಳ್ಳೇ ನಂಬಿಕೊಂಡು ಬೆನ್ನು ಹತ್ತಿದರೂ ಅದು ಧರ್ಮದ ಕಾರಣವೇ. ಹೊಡೆಯುವವನ ತಲೆಯಲ್ಲಿ ಏನಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಎಷ್ಟೋ ಸಲ ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಬೇರೆ ಧರ್ಮದವನನ್ನು ಮದುವೆಯಾದ ಹೆಣ್ಣಿಗೆ ಮನೆಯವರಿಂದಲೇ ಜೀವಭಯ ಇದ್ದರೆ, ಅದು ಧರ್ಮವೂ ಹೌದು, ಹೆಣ್ಣು ಅನ್ನುವ ಕಾರಣಕ್ಕೆ ಸಾಮಾಜಿಕ ಗುಂಪಿನ ವಿಷಯವೂ ಹೌದು. ಫಾರಂನಲ್ಲಿ ಒಂದೇ ಕಾರಣಕ್ಕೆ ಗುರುತು ಹಾಕಿ ಸುಮ್ಮನಾಗಬೇಡಿ. ಅನ್ವಯಿಸುವ ಎಲ್ಲವನ್ನೂ ಬರೆಯಿರಿ.

ತೊಂದರೆ ಯಾವಾಗ "ಕಿರುಕುಳ" ಆಗುತ್ತದೆ?

ಕನ್ನಡದಲ್ಲಿ ಕಿರುಕುಳ ಅಂದರೆ ಸಣ್ಣಪುಟ್ಟ ಕಾಟವೂ ಆಗುತ್ತದೆ. ಕಾನೂನು ಹೇಳುವ ಕಿರುಕುಳ ಬೇರೆ. ಅದು ಜೀವಕ್ಕೆ, ಸ್ವಾತಂತ್ರ್ಯಕ್ಕೆ, ಮೂಲಭೂತ ಹಕ್ಕುಗಳಿಗೆ ಬೀಳುವ ಗಂಭೀರ ಪೆಟ್ಟು. ಬೀದಿಯಲ್ಲಿ ಯಾರೋ ಬೈದರು ಅನ್ನುವುದು ಸಾಲದು. ಆದರೆ ಬೈಗುಳ, ಶಾಲೆಗೆ ಸೇರಿಸಿಕೊಳ್ಳದಿರುವುದು, ಕೆಲಸದಿಂದ ತೆಗೆಯುವುದು, ಅಂಗಡಿಗೆ ಬೀಗ, ಸತ್ತವರನ್ನು ಹೂಳಲು ಜಾಗ ಕೊಡದಿರುವುದು, ಇವೆಲ್ಲ ಒಂದರ ಮೇಲೊಂದು ಬಿದ್ದು ಬದುಕೇ ಆಗದ ಹಾಗೆ ಮಾಡಿದರೆ, ಒಟ್ಟಾರೆ ಅದನ್ನು ಕಿರುಕುಳ ಅಂತ ಪರಿಗಣಿಸಬಹುದು. ಹಾಗಾಗಿ ಇದೆಲ್ಲ ಚಿಕ್ಕ ವಿಷಯ ಅಂತ ನೀವೇ ತೀರ್ಮಾನಿಸಿ ಬಿಟ್ಟುಬಿಡಬೇಡಿ. ಜನ ಮಾಡುವ ದೊಡ್ಡ ತಪ್ಪು ಇದೇ ಅಂತ ನನಗನಿಸುತ್ತದೆ. ಒಂದು ದೊಡ್ಡ ಹೊಡೆತದ ಬಗ್ಗೆ ಎರಡು ಪುಟ ಬರೆಯುತ್ತಾರೆ, ಅದಕ್ಕೂ ಮೊದಲಿನ ಹತ್ತು ವರ್ಷ ದಿನಾ ಅನುಭವಿಸಿದ್ದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ಕಾನೂನೇ ಕಿರುಕುಳದ ಆಯುಧ ಆಗುವ ದೇಶಗಳಿವೆ. ಪಾಕಿಸ್ತಾನದಲ್ಲಿ 1984ರ ಒಂದು ಸುಗ್ರೀವಾಜ್ಞೆಯಿಂದ, ತಾವೂ ಮುಸ್ಲಿಮರೇ ಅನ್ನುವ ಅಹ್ಮದೀಯ ಪಂಥದವರು ತಮ್ಮನ್ನು ಮುಸ್ಲಿಮರು ಅಂತ ಕರೆದುಕೊಳ್ಳುವುದು, ತಮ್ಮ ಪ್ರಾರ್ಥನಾ ಸ್ಥಳವನ್ನು ಮಸೀದಿ ಅನ್ನುವುದು ಅಪರಾಧವಾಯಿತು. ರಷ್ಯಾದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದ ಸಂಘಟನೆಯನ್ನು ಉಗ್ರವಾದಿ ಅಂತ ಹೇಳಿ ನಿಷೇಧಿಸಿತು. ಚೀನಾ 1999ರಲ್ಲಿ ಫಾಲುನ್ ಗಾಂಗ್ ಅನ್ನುವ ಧ್ಯಾನ, ವ್ಯಾಯಾಮದ ಆಧ್ಯಾತ್ಮಿಕ ಪಂಥವನ್ನು ನಿಷೇಧಿಸಿತು. ಇಂಥ ಕಾನೂನು ನಿಮ್ಮ ದೇಶದಲ್ಲಿದ್ದರೆ ಅದರ ಹೆಸರು, ಕಲಂ ಸಂಖ್ಯೆ ಬರೆಯಿರಿ. ಅಷ್ಟಕ್ಕೇ ನಿಲ್ಲಬೇಡಿ. ಕಾನೂನು ಕಾಗದದ ಮೇಲೆ ಇರುವುದು ಒಂದು, ಅದು ನಿಜಕ್ಕೂ ಜಾರಿಯಾಗುವುದು ಇನ್ನೊಂದು. ನಿಮ್ಮಂಥವರ ಮೇಲೆ ಅದನ್ನು ಬಳಸಿದ್ದಾರೆ ಅಂತ ತೋರಿಸುವುದು ಮುಖ್ಯ.

"ಪೊಲೀಸರ ಬಳಿ ಯಾಕೆ ಹೋಗಲಿಲ್ಲ? ಬೇರೆ ಊರಿಗೆ ಹೋಗಬಹುದಿತ್ತಲ್ಲ?"

ಈ ಎರಡು ಪ್ರಶ್ನೆ ಬಂದೇ ಬರುತ್ತವೆ. ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ.

ಕಿರುಕುಳ ಕೊಡುವವರು ಸರ್ಕಾರದವರೇ ಆಗಿರಬೇಕಿಲ್ಲ. ಊರಿನ ಗುಂಪು, ಸಶಸ್ತ್ರ ಸಂಘಟನೆ, ಸ್ವಂತ ಅಣ್ಣತಮ್ಮಂದಿರು, ಯಾರೂ ಆಗಿರಬಹುದು. 2014ರ ಆಗಸ್ಟ್‌ನಲ್ಲಿ ಇರಾಕಿನ ಸಿಂಜಾರ್‌ನಲ್ಲಿ ಯಜೀದಿಗಳು ಅನ್ನುವ ಅಲ್ಪಸಂಖ್ಯಾತ ಧರ್ಮದವರ ಮೇಲೆ ಬಿದ್ದದ್ದು ಐಸಿಸ್ ಅನ್ನುವ ಸಶಸ್ತ್ರ ಸಂಘಟನೆ, ಸರ್ಕಾರ ಅಲ್ಲ. ಇಂಥ ಕಡೆ ಸರ್ಕಾರ ನಿಮ್ಮ ಬೆನ್ನಿಗೆ ನಿಲ್ಲಲಿಲ್ಲ ಅನ್ನುವುದನ್ನು ತೋರಿಸಬೇಕು. ದೂರು ಕೊಟ್ಟಿದ್ದರೆ ಏನಾಯಿತು ಹೇಳಿ. ಕೊಟ್ಟಿಲ್ಲದಿದ್ದರೆ ಯಾಕೆ ಕೊಡಲಿಲ್ಲ ಹೇಳಿ. ಠಾಣೆಗೆ ಹೋದರೆ ನಿಮ್ಮ ಮೇಲೆಯೇ ಧರ್ಮನಿಂದನೆ ಕೇಸು ಬೀಳುತ್ತಿತ್ತು ಅನ್ನುವುದು ಗಟ್ಟಿಯಾದ ಕಾರಣ. "ಹೋದರೂ ಪ್ರಯೋಜನ ಇರಲಿಲ್ಲ" ಅಂತ ಸುಮ್ನೆ ಹೇಳಿದರೆ ಸಾಲದು. ಪ್ರಯೋಜನ ಇರಲಿಲ್ಲ ಅಂತ ನಿಮಗೆ ಗೊತ್ತಾದದ್ದು ಹೇಗೆ? ನಿಮಗಿಂತ ಮೊದಲು ಹೋದವರಿಗೆ ಏನಾಯಿತು? ಅದನ್ನು ಹೇಳಿ.

ಬೇರೆ ಊರಿನ ವಿಷಯವೂ ಹಾಗೆಯೇ. ಕಿರುಕುಳ ಸರ್ಕಾರದ್ದೇ ಆಗಿದ್ದರೆ ಅದರ ಕೈ ಸಾಮಾನ್ಯವಾಗಿ ದೇಶದ ಎಲ್ಲ ಮೂಲೆಗೂ ತಲುಪುತ್ತದೆ. ಖಾಸಗಿಯವರದ್ದಾಗಿದ್ದರೆ, ಅವರು ನಿಮ್ಮನ್ನು ಅಲ್ಲಿಯೂ ಹುಡುಕಬಲ್ಲರೇ, ಹೊಸ ಊರಿನಲ್ಲಿ ಮನೆ ಬಾಡಿಗೆಗೆ ಕೇಳುವಾಗ ಧರ್ಮ ಹೇಳಲೇಬೇಕೇ, ಗುರುತಿನ ಚೀಟಿಯಲ್ಲಿ ಧರ್ಮ ಅಚ್ಚಾಗಿದೆಯೇ, ಮಕ್ಕಳನ್ನು ಕಟ್ಟಿಕೊಂಡು ಒಂಟಿ ಹೆಂಗಸು ಅಲ್ಲಿ ಬದುಕಬಹುದೇ, ಇವನ್ನೆಲ್ಲ ವಿವರಿಸಿ. ಒಮ್ಮೆ ಊರು ಬದಲಿಸಿ ನೋಡಿದ್ದರೆ, ಅಲ್ಲೂ ಪತ್ತೆ ಹಚ್ಚಿದ್ದರೆ, ಅದನ್ನು ಮರೆಯದೆ ಬರೆಯಿರಿ. ಅದಕ್ಕೆ ತುಂಬಾ ತೂಕ ಇದೆ.

"ಮನೆಯೊಳಗೇ ಪ್ರಾರ್ಥನೆ ಮಾಡಿಕೊಂಡು ಸುಮ್ಮನಿರಿ"

ಹಿಂದೆ ಎಷ್ಟೋ ಅರ್ಜಿಗಳು ಈ ಮಾತಿಗೆ ಬಿದ್ದುಹೋಗಿವೆ. ಯಾರಿಗೂ ಹೇಳದೆ, ಬಾಗಿಲು ಹಾಕಿಕೊಂಡು ಪೂಜಿಸಿದರೆ ಅಪಾಯ ಇಲ್ಲವಲ್ಲ, ವಾಪಸ್ ಹೋಗಿ ಅನ್ನುತ್ತಿದ್ದರು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2012ರ ಸೆಪ್ಟೆಂಬರ್ 5ರಂದು ಇದಕ್ಕೆ ತಡೆ ಹಾಕಿತು. ಪಾಕಿಸ್ತಾನದಿಂದ ಜರ್ಮನಿಗೆ ಬಂದ ಇಬ್ಬರು ಅಹ್ಮದೀಯರ ಪ್ರಕರಣ ಅದು. ಬಹಿರಂಗವಾಗಿ ಧರ್ಮ ಪಾಲಿಸುವುದನ್ನು ಬಿಟ್ಟರೆ ಅಪಾಯ ತಪ್ಪುತ್ತದೆ ಅಂತ ಅರ್ಜಿದಾರರಿಗೆ ಹೇಳುವಂತಿಲ್ಲ ಅಂತ ನ್ಯಾಯಾಲಯ ತೀರ್ಪು ಕೊಟ್ಟಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲಿ ಸಲಿಂಗಿಗಳ ಪ್ರಕರಣವೊಂದರಲ್ಲಿ ಇದೇ ದಿಕ್ಕಿನ ಮಾತು ಹೇಳಿತ್ತು.

ಇದರಿಂದ ನೀವು ತೆಗೆದುಕೊಳ್ಳಬೇಕಾದದ್ದು ಇಷ್ಟು. ಬಹಿರಂಗ ಆಚರಣೆ ನಿಮಗೆ ಎಷ್ಟು ಮುಖ್ಯ ಅಂತ ಹೇಳಿ. ಊರಲ್ಲಿ ಮುಚ್ಚಿಟ್ಟುಕೊಂಡಿದ್ದರೆ, ಮುಚ್ಚಿಟ್ಟದ್ದು ಭಯದಿಂದಲೋ ಅಥವಾ ನಿಮ್ಮ ಸ್ವಭಾವವೇ ಹಾಗೋ? ಈ ವ್ಯತ್ಯಾಸ ಕೇಸಿನ ದಿಕ್ಕನ್ನೇ ಬದಲಿಸುತ್ತದೆ. ಭಯ ಇಲ್ಲದಿದ್ದರೆ ಏನು ಮಾಡುತ್ತಿದ್ದೆ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ, ಬಂದ ಉತ್ತರ ಬರೆಯಿರಿ.

ಎಲ್ಲಿ, ಯಾವಾಗ ಅರ್ಜಿ ಹಾಕಬೇಕು?

ಬಂದ ಕೂಡಲೇ. ಆದಷ್ಟು ಬೇಗ. ತಡವಾದಷ್ಟೂ "ಅಷ್ಟು ಭಯ ಇದ್ದವರು ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ" ಅನ್ನುವ ಅನುಮಾನ ಬೆಳೆಯುತ್ತದೆ. ಅಮೆರಿಕದಲ್ಲಂತೂ ಬಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಪರಿಸ್ಥಿತಿ ಬದಲಾಗಿದ್ದರೆ ಅಥವಾ ಅಸಾಧಾರಣ ಕಾರಣ ಇದ್ದರೆ ಮಾತ್ರ ವಿನಾಯಿತಿ. ಸಾಮಾನ್ಯವಾಗಿ ರಾಯಭಾರ ಕಚೇರಿಯಲ್ಲಿ ಕೂತು ಆಶ್ರಯದ ಅರ್ಜಿ ಹಾಕಲು ಆಗುವುದಿಲ್ಲ, ಆ ದೇಶದ ನೆಲ ಅಥವಾ ಗಡಿ ತಲುಪಿರಬೇಕು. ದಾರಿಯಲ್ಲಿ ಬೇರೆ ದೇಶಗಳನ್ನು ದಾಟಿ ಬಂದಿದ್ದರೆ ಅದನ್ನು ಮುಚ್ಚಿಡಬೇಡಿ. ಯುರೋಪಿನಲ್ಲಿ ಬೆರಳಚ್ಚಿನ ದಾಖಲೆ ದೇಶಗಳ ನಡುವೆ ಹಂಚಿಕೆಯಾಗುತ್ತದೆ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಸರಿಯಾದ ಕಾಗದಪತ್ರ ಇಲ್ಲದೆ ಬಂದಿದ್ದರೆ? ಒಪ್ಪಂದದ 31ನೇ ವಿಧಿ ಓದಿ. ಅಪಾಯದ ಜಾಗದಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ ಕಾರಣ ಹೇಳಿದ ನಿರಾಶ್ರಿತರಿಗೆ ಅಕ್ರಮ ಪ್ರವೇಶಕ್ಕಾಗಿ ಶಿಕ್ಷೆ ಕೊಡಬಾರದು ಅಂತ ಅದು ಹೇಳುತ್ತದೆ. 33ನೇ ವಿಧಿ ಇನ್ನೂ ದೊಡ್ಡದು. ಜೀವಕ್ಕೆ, ಸ್ವಾತಂತ್ರ್ಯಕ್ಕೆ ಅಪಾಯ ಇರುವ ಜಾಗಕ್ಕೆ ನಿರಾಶ್ರಿತರನ್ನು ವಾಪಸ್ ಅಟ್ಟಬಾರದು.

ಒಪ್ಪಂದಕ್ಕೆ ಸಹಿ ಹಾಕದ ದೇಶದಲ್ಲಿದ್ದರೆ ಅಲ್ಲಿ ಯುಎನ್‌ಎಚ್‌ಸಿಆರ್ ಕಚೇರಿ ಇದೆಯೇ ನೋಡಿ. ಎಷ್ಟೋ ಕಡೆ ನೋಂದಣಿ, ಸಂದರ್ಶನ ಎಲ್ಲವನ್ನೂ ಅವರೇ ಮಾಡುತ್ತಾರೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. "ದುಡ್ಡು ಕೊಡಿ, ಒಳ್ಳೆ ಕಥೆ ಬರೆದುಕೊಡುತ್ತೇನೆ" ಅನ್ನುವ ಏಜೆಂಟ್ ಸಿಕ್ಕರೆ ಕೈ ಮುಗಿದು ಎದ್ದು ಬನ್ನಿ. ಆ ಕಥೆಯನ್ನು ಅವನು ಇನ್ನೂ ಎಷ್ಟು ಜನರಿಗೆ ಮಾರಿದ್ದಾನೋ!

ಹೇಳಿಕೆ ಬರೆಯುವುದು

ಜಾಸ್ತಿ ಸಮಯ ಇದಕ್ಕೇ ಇಡಿ. ಮೊದಲು ನಿಮ್ಮ ಭಾಷೆಯಲ್ಲಿ, ನಿಮ್ಮ ಮಾತಿನಲ್ಲಿ, ಆದ ಕ್ರಮದಲ್ಲೇ ಬರೆದುಕೊಳ್ಳಿ. ಅನುವಾದ ಆಮೇಲೆ. ಎರಡು ಉದಾಹರಣೆ ಕೊಡುತ್ತೇನೆ, ಎರಡೂ ನಾನೇ ಕಟ್ಟಿದ್ದು.

"ಅವರು ನಮಗೆ ಬೆದರಿಕೆ ಹಾಕಿದರು. ಪೊಲೀಸರು ಸಹಾಯ ಮಾಡಲಿಲ್ಲ. ನಾವು ಭಯದಲ್ಲಿ ಬದುಕಿದೆವು."

"ಹಬ್ಬದ ಹಿಂದಿನ ದಿನ ಸಂಜೆ ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗ ಗೇಟಿನ ಬಳಿ ಆರೇಳು ಜನ ನಿಂತಿದ್ದರು. ಒಬ್ಬನ ಗುರುತಿತ್ತು, ನಮ್ಮ ಬೀದಿಯ ಕೊನೆಯ ಮನೆಯವನು. ನಾಳೆ ಈ ಬಾಗಿಲು ತೆರೆದರೆ ಒಳಗಿದ್ದವರ ಸಮೇತ ಸುಡುತ್ತೇವೆ ಅಂದ. ಬೆಳಗ್ಗೆ ಠಾಣೆಗೆ ಹೋದೆ. ದೂರು ಬರೆದುಕೊಳ್ಳಲಿಲ್ಲ. ನೀವು ಯಾಕೆ ಗುಂಪು ಸೇರುತ್ತೀರಿ ಅಂತ ನನ್ನನ್ನೇ ಕೇಳಿದರು."

ಎರಡನೆಯದರಲ್ಲಿ ಅಳು ಇಲ್ಲ, ದೊಡ್ಡ ಮಾತಿಲ್ಲ. ಆದರೂ ಓದಿದವರಿಗೆ ಆ ಗೇಟು ಕಣ್ಣಿಗೆ ಕಾಣುತ್ತದೆ, ಅಲ್ವಾ? ಅದರ ಜೊತೆಗೆ "ಯಾಕೆ" ಅನ್ನುವುದೂ ಅಲ್ಲೇ ಇದೆ. ಹೊಡೆಯಲು ಬಂದವರು ಆಡಿದ ಮಾತನ್ನು ನೆನಪಿದ್ದಷ್ಟು ಹಾಗೇ ಬರೆಯಿರಿ. ಇಲ್ಲದಿದ್ದರೆ ಇದು ಜಮೀನಿನ ಜಗಳ, ಹಣದ ವ್ಯವಹಾರ ಅಂತ ತಳ್ಳಿಹಾಕುವ ಸಾಧ್ಯತೆ ಇರುತ್ತದೆ. ನಿಜಕ್ಕೂ ಜಮೀನಿನ ಜಗಳವೂ ಬೆರೆತಿದ್ದರೆ ಅದನ್ನೂ ಹೇಳಿ, ನಿಮ್ಮ ಧರ್ಮ ಬೇರೆಯಾದ್ದರಿಂದಲೇ ಆ ಜಮೀನು ಕಸಿಯುವುದು ಅವರಿಗೆ ಸುಲಭವಾಯಿತು ಅನ್ನುವುದನ್ನೂ ಹೇಳಿ.

ತಾರೀಖಿನ ಬಗ್ಗೆ ಹುಷಾರು. ಇರಾನ್, ಇಥಿಯೋಪಿಯಾದಂಥ ದೇಶಗಳಲ್ಲಿ ಪಂಚಾಂಗವೇ ಬೇರೆ, ಪರಿವರ್ತನೆ ಮಾಡುವಾಗ ವರ್ಷ ತಪ್ಪುತ್ತದೆ. ಮೊದಲ ಫಾರಂನಲ್ಲಿ ಒಂದು ವರ್ಷ, ಸಂದರ್ಶನದಲ್ಲಿ ಇನ್ನೊಂದು ಹೇಳಿದರೆ ಅದನ್ನೇ ಹಿಡಿದು ಎಳೆಯುತ್ತಾರೆ. ದಿನ ನೆನಪಿಲ್ಲದಿದ್ದರೆ ಊಹಿಸಬೇಡಿ. "ಸುಮಾರು", "ಮಗಳು ಹುಟ್ಟಿದ ಮುಂದಿನ ತಿಂಗಳು" ಅಂತ ಹೇಳಿದರೂ ನಡೆಯುತ್ತದೆ.

ಧರ್ಮ ನನ್ನ ಸ್ವಂತ ವಿಷಯ, ಅದನ್ನು ಕಚೇರಿಯಲ್ಲಿ ಯಾಕೆ ಹೇಳಲಿ ಅನ್ನುವವರೂ ಇದ್ದಾರೆ. ಇರಾನಿನಿಂದ ಸ್ವೀಡನ್ನಿಗೆ ಹೋದ ಒಬ್ಬರು ಹೀಗೆಯೇ ಮಾಡಿದರು. ಸ್ವೀಡನ್ನಿನಲ್ಲಿ ಕ್ರೈಸ್ತರಾದರೂ, ಅರ್ಜಿ ಗೆಲ್ಲಲು ನಂಬಿಕೆಯನ್ನು ಬಳಸಲು ಇಷ್ಟವಿಲ್ಲದೆ ರಾಜಕೀಯ ಕಾರಣದ ಮೇಲೆಯೇ ಒತ್ತು ಕೊಟ್ಟರು. ಅರ್ಜಿ ತಿರಸ್ಕೃತವಾಯಿತು. ಕೇಸು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ, 2016ರ ಮಾರ್ಚ್‌ನಲ್ಲಿ, ಮತಾಂತರದಿಂದ ಏನು ಅಪಾಯ ಅಂತ ಪರಿಶೀಲಿಸದೆ ಅವರನ್ನು ಕಳುಹಿಸುವಂತಿಲ್ಲ ಅಂತ ತೀರ್ಪು ಬಂತು. ಅವರಿಗೆ ನ್ಯಾಯ ಸಿಕ್ಕಿತು, ಆದರೆ ಎಷ್ಟು ವರ್ಷ ಹಿಡಿಯಿತು ನೋಡಿ. ನೀವು ಮೊದಲ ದಿನವೇ ಹೇಳಿ. ಹೇಳಿದ್ದನ್ನು ನಿಮ್ಮ ದೇಶದ ಸರ್ಕಾರಕ್ಕೆ ತಿಳಿಸದೆ ಗುಟ್ಟಾಗಿಡುವುದು ಆಶ್ರಯ ಪ್ರಕ್ರಿಯೆಯ ಮೂಲ ನಿಯಮ.

ಸಾಕ್ಷ್ಯ

ಓಡಿ ಬರುವವರು ಫೈಲ್ ಹಿಡಿದುಕೊಂಡು ಬರುವುದಿಲ್ಲ, ಇದು ಅಧಿಕಾರಿಗಳಿಗೂ ಗೊತ್ತು. ಸಿಕ್ಕಷ್ಟು ಸೇರಿಸಿ: ಸಮನ್ಸ್, ದೂರಿನ ಪ್ರತಿ, ಆಸ್ಪತ್ರೆಯ ಚೀಟಿ, ಬೆದರಿಕೆಯ ಮೆಸೇಜು, ಸುಟ್ಟ ಕಟ್ಟಡದ ಫೋಟೊ, ನಿಮ್ಮ ಪ್ರಾರ್ಥನಾ ಸಮುದಾಯದ ಪತ್ರ, ಕಣ್ಣಾರೆ ಕಂಡವರ ಅಫಿಡವಿಟ್. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯುವಾಗ ತಾರೀಖು, ನಂಬರ್ ಕಾಣುವ ಹಾಗೆ ತೆಗೆಯಿರಿ. ಇವುಗಳ ಜೊತೆ ಅಮೆರಿಕದ ವಿದೇಶಾಂಗ ಇಲಾಖೆಯ ಧಾರ್ಮಿಕ ಸ್ವಾತಂತ್ರ್ಯ ವರದಿಯಂಥ ದೇಶವಾರು ವರದಿಗಳ ಸಂಬಂಧಪಟ್ಟ ಪುಟಗಳನ್ನು ಇಡಿ. ಇನ್ನೂರು ಪುಟ ಸುರಿಯಬೇಡಿ. ಸಾಕ್ಷ್ಯ ಕೇಳಿ ಊರಿನವರಿಗೆ ಫೋನ್ ಮಾಡುವಾಗ ಅವರ ಸುರಕ್ಷತೆಯನ್ನೂ ಯೋಚಿಸಿ.

ನಕಲಿ ದಾಖಲೆ ಒಂದು ಸಿಕ್ಕಿಬಿದ್ದರೆ ಉಳಿದ ಒಂಬತ್ತು ಅಸಲಿಯನ್ನೂ ಯಾರೂ ನಂಬುವುದಿಲ್ಲ. ಇಲ್ಲದಿರುವುದು ಯಾಕಿಲ್ಲ ಅಂತ ಹೇಳಿಬಿಡಿ. ಒಟ್ಟಾರೆ ನಂಬುವ ಹಾಗಿದ್ದರೆ ಸಂಶಯದ ಲಾಭವನ್ನು ಅರ್ಜಿದಾರರಿಗೆ ಕೊಡಬೇಕು ಅಂತ ಯುಎನ್‌ಎಚ್‌ಸಿಆರ್ ಕೈಪಿಡಿಯೇ ಹೇಳುತ್ತದೆ.

ಸಂದರ್ಶನ

ಧರ್ಮದ ಅರ್ಜಿಗಳಲ್ಲಿ ಇದು ಪರೀಕ್ಷೆ ಬರೆದ ಹಾಗಾಗುತ್ತದೆ ಅನ್ನುವ ದೂರು ಹಳೆಯದು. ಹಬ್ಬ ಯಾವಾಗ, ಗ್ರಂಥದಲ್ಲಿ ಎಷ್ಟು ಅಧ್ಯಾಯ ಅಂತ ಕೇಳಬಹುದು. 2004ರ ಮಾರ್ಗಸೂಚಿ ಪ್ರಕಾರ ಇಂಥ ಆಳವಾದ ಪರೀಕ್ಷೆ ಎಲ್ಲ ಸಲವೂ ಬೇಕಾಗಲಿಕ್ಕಿಲ್ಲ, ಎಲ್ಲ ಸಲವೂ ಉಪಯೋಗಕ್ಕೆ ಬರಲಿಕ್ಕೂ ಇಲ್ಲ. ಗುಟ್ಟಾಗಿ ನಂಬಿಕೊಂಡು ಬಂದವರಿಗೆ ಗ್ರಂಥ ಓದಲು ಅವಕಾಶವೇ ಇರಲಿಲ್ಲವಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ, ಯಾಕೆ ಗೊತ್ತಿಲ್ಲ ಅಂತಲೂ ಹೇಳಿ. ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಹೋಗಬೇಡಿ, ಬಾಯಿಪಾಠದ ಉತ್ತರಕ್ಕೆ ಒಂದು ವಾಸನೆ ಇರುತ್ತದೆ.

ಮತಾಂತರ ಆದವರಿಗೆ ಪ್ರಶ್ನೆ ಇನ್ನೂ ಗಟ್ಟಿ. ದೇಶ ಬಿಟ್ಟ ಮೇಲೆ ಧರ್ಮ ಬದಲಿಸಿದ್ದರೂ ಆಶ್ರಯ ಕೇಳಬಹುದು. ಆದರೆ "ವೀಸಾಕ್ಕಾಗಿ ಮಾಡಿದ್ದು" ಅನ್ನುವ ಗುಮಾನಿ ಖಂಡಿತ ಬರುತ್ತದೆ. ಹಳೆಯದರಲ್ಲಿ ಏನು ಸರಿಹೋಗಲಿಲ್ಲ, ಹೊಸದು ಮೊದಲು ಯಾರಿಂದ ಕಿವಿಗೆ ಬಿತ್ತು, ಮನೆಯಲ್ಲಿ ಹೇಳಿದಾಗ ಏನಾಯಿತು, ಈಗ ದಿನ ಹೇಗೆ ಕಳೆಯುತ್ತೀರಿ, ಇವುಗಳಿಗೆ ನಿಮ್ಮದೇ ಉತ್ತರ ಇರಲಿ. ಗೊಂದಲ ಇದ್ದರೆ ಗೊಂದಲವನ್ನೂ ಹೇಳಿ. ನಂಬಿಕೆ ಬದಲಾಗುವುದು ಒಂದೇ ರಾತ್ರಿಯಲ್ಲಿ ಅಲ್ಲ.

ದುಭಾಷಿಯ ವಿಷಯದಲ್ಲಿ ಸಂಕೋಚ ಬೇಡ. ನಿಮ್ಮನ್ನು ಓಡಿಸಿದ ಸಮುದಾಯದವರೇ ದುಭಾಷಿಯಾಗಿ ಕೂತಿದ್ದರೆ ಬಾಯಿ ತೆರೆಯಲು ಆಗದಿರಬಹುದು, ಅಥವಾ ನಿಮ್ಮ ಧಾರ್ಮಿಕ ಪದಗಳು ಅವರಿಗೆ ಗೊತ್ತಿಲ್ಲದೆ ಬೇರೆ ಅರ್ಥ ಕೊಟ್ಟುಬಿಡಬಹುದು. ಬದಲಿಸಿ ಅಂತ ಕೇಳಿ, ಕೇಳಿದ್ದು ದಾಖಲೆಯಲ್ಲಿ ಬರಲಿ. ಅತ್ಯಾಚಾರದಂಥ ವಿಷಯ ಹೇಳಬೇಕಿದ್ದರೆ ಮಹಿಳಾ ಅಧಿಕಾರಿ, ಮಹಿಳಾ ದುಭಾಷಿ ಬೇಕು ಅಂತ ಮೊದಲೇ ಬರೆದು ಕೊಡಿ. ಗಂಡನ ಎದುರು ಹೇಳಲಾಗದ್ದು ಇದ್ದರೆ ಪ್ರತ್ಯೇಕ ಸಂದರ್ಶನ ಕೇಳಿ. ಮುಗಿದ ಮೇಲೆ ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಳ್ಳಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ.

ಉತ್ತರ ಬಂದ ಮೇಲೆ

ತಿರಸ್ಕಾರ ಬಂದರೆ ಮೊದಲು ನೋಡಬೇಕಾದದ್ದು ಮೇಲ್ಮನವಿಯ ಗಡುವು. ಕೆಲವು ಕಡೆ ಅದು ದಿನಗಳ ಲೆಕ್ಕ, ತಿಂಗಳುಗಳದ್ದಲ್ಲ. ಆಮೇಲೆ ಕಾರಣ ಓದಿ. ನಿಮ್ಮನ್ನು ನಂಬಲಿಲ್ಲವೇ, ಅಥವಾ ನಂಬಿದರೂ ಅಪಾಯ ಅಷ್ಟಿಲ್ಲ ಅಂದರೇ? ಇವೆರಡಕ್ಕೂ ಉತ್ತರ ಬೇರೆ ಬೇರೆ. ಮೊದಲನೆಯದಕ್ಕೆ ವ್ಯತ್ಯಾಸಗಳನ್ನು ಒಂದೊಂದಾಗಿ ವಿವರಿಸಬೇಕು, ಎರಡನೆಯದಕ್ಕೆ ದೇಶದ ಪರಿಸ್ಥಿತಿಯ ಹೊಸ ವರದಿ ಬೇಕು. ನಿರಾಶ್ರಿತರ ಸ್ಥಾನ ಸಿಗದಿದ್ದರೂ, ಚಿತ್ರಹಿಂಸೆಯ ಅಪಾಯ ಇರುವ ಜಾಗಕ್ಕೆ ಕಳುಹಿಸಬಾರದು ಅನ್ನುವ ಚಿತ್ರಹಿಂಸೆ ವಿರೋಧಿ ಒಪ್ಪಂದದ 3ನೇ ವಿಧಿಯಡಿ ರಕ್ಷಣೆ ಸಿಗುವ ದಾರಿ ಇದೆಯೇ ಅಂತ ವಕೀಲರನ್ನು ಕೇಳಿ.

ಒಪ್ಪಿಗೆ ಸಿಕ್ಕರೆ ಹಳೆಯ ಪಾಸ್‌ಪೋರ್ಟ್ ನವೀಕರಿಸಲು ನಿಮ್ಮ ದೇಶದ ರಾಯಭಾರ ಕಚೇರಿಗೆ ಹೋಗಬೇಡಿ, ಮದುವೆ, ಸಾವು ಅಂತ ಊರಿಗೆ ಹೋಗಿಬರುವ ಯೋಚನೆಯನ್ನೂ ವಕೀಲರನ್ನು ಕೇಳದೆ ಮಾಡಬೇಡಿ. ನಿಮ್ಮ ಸರ್ಕಾರದ ರಕ್ಷಣೆಯನ್ನು ನೀವೇ ಮತ್ತೆ ಪಡೆದಿರಿ ಅಂತ ಹೇಳಿ ಸ್ಥಾನ ರದ್ದು ಮಾಡಲು ಅದು ಕಾರಣವಾಗಬಹುದು. ಓಡಾಡಲು ಬೇರೆ ಪ್ರಯಾಣ ದಾಖಲೆ ಇದೆ. ನಿರಾಶ್ರಿತರ ಒಪ್ಪಂದದ 28ನೇ ವಿಧಿಯ ಪ್ರಕಾರ ಅದನ್ನು ಕೊಡಬೇಕಾದದ್ದು ನಿಮಗೆ ಆಶ್ರಯ ಕೊಟ್ಟ ದೇಶವೇ. ಒಪ್ಪಿಗೆ ಪತ್ರ ಕೈಗೆ ಬಂದ ವಾರವೇ ಅದಕ್ಕೆ ಅರ್ಜಿ ಹಾಕಿ.